ಒಳಏಟಿನ ಲೆಕ್ಕ

‘ಈ ಸಲ ನಿಮ್ಮಿಷ್ಟ ಕಣ್ರಪ್ಪಾ.’

ಒಬ್ಬ ಅಭ್ಯರ್ಥಿಯನ್ನು ಅವನದೇ ಪಕ್ಷದವರು ಸೋಲಿಸುವುದಕ್ಕೆ ಈ ನಾಲ್ಕು ಪದ ಸಾಕು. ಹೇಳುವವನು ಹೋಬಳಿ ಮಟ್ಟದ ಮುಖಂಡ. ಹೆಗಲ ಮೇಲೆ ಪಕ್ಷದ ಶಾಲು. ಬೆಳಿಗ್ಗೆ ಅಭ್ಯರ್ಥಿಯ ಪಕ್ಕದಲ್ಲೇ ತೆರೆದ ಜೀಪಿನಲ್ಲಿ ನಿಂತು ಕೈ ಮುಗಿದಿರುತ್ತಾನೆ. ರಾತ್ರಿ ಅರಳಿಕಟ್ಟೆಯಲ್ಲಿ ಹುಡುಗರು ‘ಅಣ್ಣ, ಏನ್ ಮಾಡೋಣ’ ಎಂದು ಕೇಳಿದಾಗ ಈ ಮಾತು ಬರುತ್ತದೆ. ಎದುರು ಪಕ್ಷಕ್ಕೆ ಹಾಕಿ ಎಂದು ಆತ ಹೇಳಿಲ್ಲ. ಯಾರಾದರೂ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡರೂ ಹಿಡಿದು ಕೇಳುವಂಥದ್ದು ಅದರಲ್ಲಿ ಏನೂ ಇಲ್ಲ. ಹಿಂದಿನ ಚುನಾವಣೆಯಲ್ಲಿ ಇದೇ ಮನುಷ್ಯ ‘ಒಂದು ವೋಟೂ ಆಚೆ ಹೋಗಬಾರದು’ ಎಂದಿದ್ದನ್ನು ಕೇಳಿಸಿಕೊಂಡವರಿಗೆ ಮಾತ್ರ ವ್ಯತ್ಯಾಸ ತಕ್ಷಣ ತಿಳಿಯುತ್ತದೆ.

ಇದನ್ನು ನಾವು ಒಳಏಟು ಎನ್ನುತ್ತೇವೆ. ಸೋತ ಮರುದಿನ ಪತ್ರಿಕೆಗಳಲ್ಲಿ ಬರುವ ಒಳಏಟು ಏನೋ ಮಹಾ ಪಿತೂರಿಯಂತೆ ಕಾಣುತ್ತದೆ: ರಾತ್ರೋರಾತ್ರಿ ಸಭೆ, ಕೈ ಬದಲಾದ ಹಣ, ದ್ರೋಹ. ಅಂಥದ್ದೂ ಉಂಟು. ಆದರೆ ಬಹುಪಾಲು ಒಳಏಟು ಎಂದರೆ ಆಗದೇ ಉಳಿದ ಕೆಲಸ, ಅಷ್ಟೇ. ಹಂಚದೆ ಉಳಿದ ಮತದಾರರ ಚೀಟಿ, ಏಜೆಂಟ್ ಇಲ್ಲದ ಬೂತ್, ಹೊರಡದ ಗಾಡಿ. ಕೆಲಸ ಆಗಿದೆಯೋ ಇಲ್ಲವೋ ಎಂದು ದಿನವೂ ಎಣಿಸುವವರು ಇದ್ದ ಕಡೆ ಅದಕ್ಕೆ ಅಡಗಲು ಜಾಗ ಸಿಗುವುದಿಲ್ಲ. ಹಾಗಾಗಿ ‘ಒಳಏಟಿನಿಂದ ಸೋತೆ’ ಎನ್ನುವ ಅಭ್ಯರ್ಥಿ ತಾನು ಎಣಿಸಲಿಲ್ಲ ಎಂಬುದನ್ನೂ ಜೊತೆಗೇ ಒಪ್ಪಿಕೊಳ್ಳುತ್ತಿರುತ್ತಾನೆ.

2019ರ ಲೋಕಸಭೆ ಚುನಾವಣೆಯಷ್ಟು ಚೆನ್ನಾಗಿ ಇದನ್ನು ತೋರಿಸುವ ಉದಾಹರಣೆ ಕರ್ನಾಟಕದಲ್ಲಿ ಇನ್ನೊಂದಿಲ್ಲ. 2018ರ ವಿಧಾನಸಭೆಯಲ್ಲಿ ಕಾಂಗ್ರೆಸ್‌ಗೆ ಶೇ 38, ಜೆಡಿಎಸ್‌ಗೆ ಶೇ 18ರಷ್ಟು ಮತ ಬಂದಿತ್ತು. ಆಮೇಲೆ ಎರಡೂ ಮೈತ್ರಿ ಮಾಡಿಕೊಂಡವು. ಕೂಡಿಸಿದರೆ 56. ಬಿಜೆಪಿಯದು 36. ಕಾಗದದ ಮೇಲೆ ಮೈತ್ರಿಯನ್ನು ಸೋಲಿಸುವುದೇ ಅಸಾಧ್ಯ. ಮುಂದಿನ ವರ್ಷ ಅವೇ ಎರಡು ಪಕ್ಷಗಳಿಗೆ ಸೇರಿ ಬಂದದ್ದು ಶೇ 41ರ ಆಸುಪಾಸು, ಗೆದ್ದದ್ದು ತಲಾ ಒಂದು ಸೀಟು: ಬೆಂಗಳೂರು ಗ್ರಾಮಾಂತರ ಮತ್ತು ಹಾಸನ. ಬಿಜೆಪಿಗೆ 25, ಮಂಡ್ಯ ಪಕ್ಷೇತರ ಅಭ್ಯರ್ಥಿಗೆ. ಬಿಜೆಪಿ ಒಂದೇ ಶೇ 51 ದಾಟಿತ್ತು, ಹಾಗಾಗಿ ಎಲ್ಲವನ್ನೂ ಒಳಏಟಿನ ತಲೆಗೆ ಕಟ್ಟಿದರೆ ಅದು ಮೋಸದ ಲೆಕ್ಕ. ಪುಲ್ವಾಮಾ, ಬಾಲಾಕೋಟ್‌ಗಳ ನಂತರದ ಗಾಳಿ ನಿಜವೇ ಆಗಿತ್ತು. ಆದರೆ ಕೆಲವು ಕ್ಷೇತ್ರಗಳ ಅಂತರವನ್ನು ಗಾಳಿಯೊಂದರಿಂದಲೇ ವಿವರಿಸಲು ಆಗುವುದಿಲ್ಲ.

ತುಮಕೂರು ನೋಡಿ. ಮಾಜಿ ಪ್ರಧಾನಿ ಎಚ್.ಡಿ. ದೇವೇಗೌಡರು ಹಾಸನವನ್ನು ಮೊಮ್ಮಗನಿಗೆ ಬಿಟ್ಟು ಇಲ್ಲಿ ನಿಂತರು. ಅಲ್ಲಿ ಆಗ ಹಾಲಿ ಸಂಸದರು ಕಾಂಗ್ರೆಸ್ಸಿನ ಎಸ್.ಪಿ. ಮುದ್ದಹನುಮೇಗೌಡರು. ಸೀಟು ಮಿತ್ರಪಕ್ಷಕ್ಕೆ ಹೋದಾಗ ಅವರು ಬಂಡಾಯವಾಗಿ ನಾಮಪತ್ರ ಹಾಕಿ, ಕೊನೆಗೆ ವಾಪಸ್ ತೆಗೆದರು. ದೇವೇಗೌಡರು ಜಿ.ಎಸ್. ಬಸವರಾಜು ಅವರೆದುರು ಸೋತದ್ದು 13,339 ಮತಗಳಿಂದ. ಒಂದು ಲೋಕಸಭಾ ಕ್ಷೇತ್ರದಲ್ಲಿ ಸರಾಸರಿ ಎರಡು ಸಾವಿರ ಮತಗಟ್ಟೆ ಎಂದಿಟ್ಟುಕೊಂಡರೆ ಬೂತಿಗೆ ಆರೇಳು ಮತ. ಈ ಕಡೆಯಿಂದ ಆ ಕಡೆಗೆ ಹೋದವರು ಬೂತಿಗೆ ಮೂರೂವರೆ ಜನ. ಒಂದು ಮನೆ.

ಹೇಮಾವತಿ ನದಿಯ ನೀರು ಬಿಡಲಿಲ್ಲ ಎಂಬ ಹಳೆಯ ಸಿಟ್ಟು ಆ ಜಿಲ್ಲೆಯಲ್ಲಿ ಗೌಡರ ವಿರುದ್ಧ ಇತ್ತು. ಅದನ್ನು ಬದಿಗಿಟ್ಟರೂ ಇನ್ನೊಂದು ಸಂಗತಿ ಉಳಿಯುತ್ತದೆ. 2018ರಲ್ಲಿ ಮಧುಗಿರಿಯಲ್ಲಿ ಕಾಂಗ್ರೆಸ್ಸಿನ ಕೆ.ಎನ್. ರಾಜಣ್ಣ ಸೋತದ್ದು ಜೆಡಿಎಸ್ ಎದುರು. ಕೊರಟಗೆರೆಯಲ್ಲಿ ಜಿ. ಪರಮೇಶ್ವರ ಗೆದ್ದದ್ದೂ ಜೆಡಿಎಸ್ ಎದುರೇ. ಅಂದರೆ ಆ ತಾಲ್ಲೂಕುಗಳಲ್ಲಿ ಊರೂರಿಗೂ ಎರಡು ಗುಂಪು, ಒಂದರ ಹೆಸರು ಕಾಂಗ್ರೆಸ್, ಇನ್ನೊಂದರ ಹೆಸರು ದಳ. ಜಾತ್ರೆಯಲ್ಲಿ ತೇರಿನ ಹಗ್ಗ ಯಾರು ಮೊದಲು ಹಿಡಿಯಬೇಕು ಎಂಬುದರಿಂದ ಡೇರಿ ಚುನಾವಣೆಯವರೆಗೆ ಜಗಳ ಅವರವರ ನಡುವೆಯೇ. ಹನ್ನೊಂದು ತಿಂಗಳಾದ ಮೇಲೆ ಬೆಂಗಳೂರಿನ ವೇದಿಕೆಯಲ್ಲಿ ನಾಯಕರು ಕೈ ಕೈ ಹಿಡಿದು ಮೇಲೆತ್ತಿದರೆಂದು ಇವರು ಒಂದೇ ಟೇಬಲ್ಲಿನಲ್ಲಿ ಕೂತು ಚೀಟಿ ಬರೆಯಬೇಕಿತ್ತು.

ಅದಕ್ಕೆ ಸಿಕ್ಕ ಕಾಲಾವಕಾಶವನ್ನೂ ನೋಡಬೇಕು. ಸೀಟು ಹಂಚಿಕೆ ಘೋಷಣೆಯಾದದ್ದು 2019ರ ಮಾರ್ಚ್ 13ಕ್ಕೆ. ರಾಜ್ಯದ ಮೊದಲ ಹಂತದ ನಾಮಪತ್ರಕ್ಕೆ ಕೊನೆಯ ದಿನ ಮಾರ್ಚ್ 26, ಮತದಾನ ಏಪ್ರಿಲ್ 18. ದಳಕ್ಕೆ ಎಂಟು ಸೀಟು ಬಿಟ್ಟುಕೊಟ್ಟಾಗಿತ್ತು. ಅದರಲ್ಲಿ ಬೆಂಗಳೂರು ಉತ್ತರಕ್ಕೆ ಅಭ್ಯರ್ಥಿ ಸಿಗದೆ ಅದು ಕೊನೆಗಳಿಗೆಯಲ್ಲಿ ಕಾಂಗ್ರೆಸ್ಸಿಗೇ ವಾಪಸ್ ಬಂತು. ಉಡುಪಿ-ಚಿಕ್ಕಮಗಳೂರಿನದು ಇನ್ನೂ ವಿಚಿತ್ರ. ಕಾಂಗ್ರೆಸ್ಸಿನ ಮಾಜಿ ಸಚಿವ ಪ್ರಮೋದ್ ಮಧ್ವರಾಜ್ ದಳದ ಬಿ ಫಾರಂ (ಪಕ್ಷದ ಅಧಿಕೃತ ಅಭ್ಯರ್ಥಿ ಎಂಬ ಪತ್ರ) ಪಡೆದು ನಿಂತರು. ಕರಾವಳಿಯ ಕಾಂಗ್ರೆಸ್ ಕಾರ್ಯಕರ್ತ ನಲವತ್ತು ವರ್ಷದಿಂದ ಅಜ್ಜಿಯರಿಗೆ ‘ಕೈ’ ತೋರಿಸಿ ಮತ ಕೇಳಿದವನು. ಈಗ ಇವಿಎಂನಲ್ಲಿ ಕೈ ಗುರುತೇ ಇಲ್ಲ, ತೆನೆ ಹೊತ್ತ ಮಹಿಳೆಯನ್ನು ಹುಡುಕಿ ಎನ್ನಬೇಕು. ಆ ಭಾಗದಲ್ಲಿ ದಳಕ್ಕೆ ಬೂತ್ ಸಮಿತಿ ಎನ್ನುವಷ್ಟು ಏನೂ ಇರಲಿಲ್ಲ. ಸೋಲಿನ ಅಂತರ ಮೂರು ಲಕ್ಷ ದಾಟಿತು. ಇಲ್ಲಿ ಯಾರೂ ಯಾರಿಗೂ ಒಳಗಿಂದ ಹೊಡೆಯಬೇಕಾಗಿಯೇ ಇರಲಿಲ್ಲ. ವ್ಯವಸ್ಥೆಯೇ ಹೊಡೆಯಿತು.

ಮಂಡ್ಯದ್ದು ಎಲ್ಲರಿಗೂ ಗೊತ್ತಿರುವ ಕತೆ. ಆದರೂ ಅಂಕಿಗಳನ್ನು ಪಕ್ಕಪಕ್ಕ ಇಟ್ಟರೆ ಈಗಲೂ ಅಚ್ಚರಿಯಾಗುತ್ತದೆ. ಕ್ಷೇತ್ರದ ಎಂಟಕ್ಕೆ ಎಂಟೂ ಶಾಸಕರು ದಳದವರು. 2018ರ ನವೆಂಬರಿನ ಉಪಚುನಾವಣೆಯಲ್ಲಿ ದಳದ ಅಭ್ಯರ್ಥಿ 3,24,943 ಮತಗಳಿಂದ ಗೆದ್ದಿದ್ದರು. ಐದೂವರೆ ತಿಂಗಳಾದ ಮೇಲೆ ಮುಖ್ಯಮಂತ್ರಿಯ ಮಗ ನಿಖಿಲ್ 1,25,876 ಮತಗಳಿಂದ ಸೋತರು. ಗೆದ್ದ ಸುಮಲತಾ (ತೀರಿಕೊಂಡಿದ್ದ ನಟ, ರಾಜಕಾರಣಿ ಅಂಬರೀಷ್ ಅವರ ಪತ್ನಿ) ಅವರ ಗುರುತು ಕಹಳೆ ಊದುವ ರೈತ, ಆ ಊರುಗಳಿಗೆ ಹೊಸ ಗುರುತು. ಅದೇ ಹೆಸರಿನ ಇನ್ನೂ ಮೂವರು ಅಭ್ಯರ್ಥಿಗಳು ಪಟ್ಟಿಯಲ್ಲಿದ್ದರು. ಅನುಕಂಪ, ಸಿನಿಮಾ ನಟರು, ಬಿಜೆಪಿಯ ಬೆಂಬಲ ಎಲ್ಲ ಸರಿ. ಆದರೆ ಹೊಸ ಗುರುತನ್ನು ಮೂರು ವಾರದಲ್ಲಿ ಏಳು ಲಕ್ಷ ಜನರ ತಲೆಗೆ ತುಂಬಲು ಬೂತ್ ಗೊತ್ತಿದ್ದ ಕಾಲಾಳುಗಳು ಬೇಕು. ಪಕ್ಷೇತರರಿಗೆ ಅವರು ಎಲ್ಲಿಂದ ಬಂದರು? 2018ರಲ್ಲಿ ದಳದ ಎದುರು ಸೋತು ಕೂತಿದ್ದ ಕಾಂಗ್ರೆಸ್ ಕಾರ್ಯಕರ್ತರ ಪಟ್ಟಿ ನೋಡಿದರೆ ಉತ್ತರ ಸಿಗುತ್ತದೆ. ಮೈಸೂರಿನಲ್ಲಿ ಇದರ ತಿರುವುಮುರುವು. ಅಲ್ಲಿ ಅಭ್ಯರ್ಥಿ ಕಾಂಗ್ರೆಸ್ಸಿನವರು. ಚಾಮುಂಡೇಶ್ವರಿಯಲ್ಲಿ ಸಿದ್ದರಾಮಯ್ಯ ಅವರನ್ನು ಸೋಲಿಸಿದ್ದ ದಳದ ಜಿ.ಟಿ. ದೇವೇಗೌಡರು, ಮತದಾನ ಮುಗಿದ ಮೇಲೆ, ತಮ್ಮವರಲ್ಲಿ ಕೆಲವರು ಬಿಜೆಪಿಗೆ ಹಾಕಿದ್ದಾರೆ ಎಂದು ಬಹಿರಂಗವಾಗಿಯೇ ಹೇಳಿದರು.

ಮೈತ್ರಿಯ ಕತೆ ದೊಡ್ಡದಾಗಿ ಕಾಣುತ್ತದೆ. ಒಂದೇ ಪಕ್ಷದ ಒಳಗೆ, ಒಂದೇ ವಿಧಾನಸಭಾ ಕ್ಷೇತ್ರದಲ್ಲಿ ಇದೇ ಯಂತ್ರ ಸಣ್ಣ ಅಳತೆಯಲ್ಲಿ ಓಡುತ್ತಿರುತ್ತದೆ.

ಶುರುವಾಗುವುದು ಟಿಕೆಟ್ಟಿನಿಂದ. 2022ರ ಕೊನೆಯಲ್ಲಿ ಕೆಪಿಸಿಸಿ (ರಾಜ್ಯ ಕಾಂಗ್ರೆಸ್ ಸಮಿತಿ) ಆಕಾಂಕ್ಷಿಗಳಿಂದ ಅರ್ಜಿ ಕರೆಯಿತು. ಅರ್ಜಿಗೆ 5,000 ರೂಪಾಯಿ, ಜೊತೆಗೆ 2 ಲಕ್ಷದ ಡಿಡಿ, ಪರಿಶಿಷ್ಟರಿಗೆ 1 ಲಕ್ಷ. ಆದರೂ 224 ಸೀಟಿಗೆ ಸಾವಿರಕ್ಕೂ ಹೆಚ್ಚು ಅರ್ಜಿ ಬಂತು. ಕ್ಷೇತ್ರಕ್ಕೆ ಐದಾರು ಜನ ಎಂದಾಯಿತು. ಒಬ್ಬನಿಗೆ ಸಿಗುತ್ತದೆ. ಉಳಿದ ನಾಲ್ಕೈದು ಜನಕ್ಕೂ ಇಪ್ಪತ್ತು, ಮೂವತ್ತು ಬೂತುಗಳಲ್ಲಿ ಸ್ವಂತ ಹುಡುಗರಿರುತ್ತಾರೆ. ಅವರ ಲೆಕ್ಕ ಸರಳ, ಅದನ್ನು ಬರೀ ಹೊಟ್ಟೆಕಿಚ್ಚು ಎಂದು ತಳ್ಳಿಹಾಕುವಂತಿಲ್ಲ. ಇವನು ಗೆದ್ದರೆ ಹಾಲಿ ಶಾಸಕನಾಗುತ್ತಾನೆ, ಮುಂದಿನ ಸಲವೂ ಅವನಿಗೇ, ಆಮೇಲೆ ಅವನ ಮಗನಿಗೆ. ಹದಿನೈದು ವರ್ಷ ಬಾಗಿಲು ಮುಚ್ಚಿತು. ಸೋತರೆ ಐದು ವರ್ಷಕ್ಕೆ ಮತ್ತೆ ತೆರೆಯುತ್ತದೆ. ಎದುರು ಪಕ್ಷದವನು ಗೆದ್ದರೆ ಆಕಾಂಕ್ಷಿಗೆ ಐದು ವರ್ಷ ನಷ್ಟ, ತನ್ನ ಪಕ್ಷದವನೇ ಗೆದ್ದರೆ ಹದಿನೈದು ವರ್ಷ ನಷ್ಟ. ಈ ಲೆಕ್ಕವನ್ನು ಬದಲಿಸದೆ ‘ಒಗ್ಗಟ್ಟಿನಿಂದ ಕೆಲಸ ಮಾಡಿ’ ಎಂದು ಉಸ್ತುವಾರಿಗಳು ಬಂದು ಹೇಳಿದರೆ ಊಟ ಮುಗಿಸಿ ಎಲ್ಲರೂ ಮನೆಗೆ ಹೋಗುತ್ತಾರೆ.

ಹಿಂದೆ ಇದಕ್ಕೊಂದು ಸಮಾಧಾನವಿತ್ತು. ಜಿಲ್ಲಾ ಪಂಚಾಯಿತಿ ಟಿಕೆಟ್, ತಾಲ್ಲೂಕು ಪಂಚಾಯಿತಿ ಅಧ್ಯಕ್ಷಗಿರಿ, ಎಪಿಎಂಸಿ, ಕೊನೆಗೆ ಒಂದು ನಿಗಮ-ಮಂಡಳಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆಯೇ ನಡೆಯಲಿಲ್ಲ. ಎರಡನೇ ಸಾಲಿನ ಮುಖಂಡರಿಗೆ ಕೂರಲು ಕುರ್ಚಿಯೇ ಇಲ್ಲದಂತಾಯಿತು. ‘ಮುಂದೆ ನೋಡ್ಕೊತೀವಿ’ ಎಂಬ ಮಾತಿಗೆ ಈಗ ಬೆಲೆ ಕಡಿಮೆ, ಏಕೆಂದರೆ ನೋಡಿಕೊಳ್ಳಲು ಕೈಯಲ್ಲಿ ಏನೂ ಇಲ್ಲ ಎಂಬುದು ಎರಡೂ ಕಡೆಯವರಿಗೆ ಗೊತ್ತು.

ಟಿಕೆಟ್ ಯಾವಾಗ ಕೊಡುತ್ತಾರೆ ಎಂಬುದೂ ಅಷ್ಟೇ ಮುಖ್ಯ. 2023ರಲ್ಲಿ ಕಾಂಗ್ರೆಸ್ 124 ಹೆಸರುಗಳ ಮೊದಲ ಪಟ್ಟಿಯನ್ನು ಮಾರ್ಚ್ 25ಕ್ಕೇ ಬಿಟ್ಟಿತು. ಬಿಜೆಪಿಯ 189 ಹೆಸರು ಬಂದದ್ದು ಏಪ್ರಿಲ್ 11ರ ರಾತ್ರಿ, 13ಕ್ಕೆ ನಾಮಪತ್ರ ಶುರು. ಹದಿನೇಳು ದಿನದ ವ್ಯತ್ಯಾಸ. ಸಿಟ್ಟಾದವನ ಮನೆಗೆ ಮೂರು ಸಲ ಹೋಗಿ ಬರಲು, ಮೊದಲ ಸಲ ಬೈಸಿಕೊಳ್ಳಲು, ಎರಡನೇ ಸಲ ಕಾಫಿ ಕುಡಿಯಲು, ಮೂರನೇ ಸಲ ಮಾತಾಡಲು ಅಷ್ಟು ದಿನ ಬೇಕೇ ಬೇಕು. ಕೊನೆಗಳಿಗೆಯಲ್ಲಿ ಪಟ್ಟಿ ಬಿಟ್ಟರೆ ಬಂಡಾಯ ಏಳಲು ಸಮಯ ಸಿಗುವುದಿಲ್ಲ ಎಂಬುದು ಹಳೆಯ ನಂಬಿಕೆ. ಬಂಡಾಯಕ್ಕೆ ಸಮಯ ಬೇಕಾಗಿಲ್ಲ, ಹತ್ತು ಜನ ಸೂಚಕರು ಮತ್ತು 10,000 ರೂಪಾಯಿ ಠೇವಣಿ ಸಾಕು. ಸಮಯ ಬೇಕಿರುವುದು ಸಮಾಧಾನಕ್ಕೆ.

ಪುತ್ತೂರು ಅದಕ್ಕೆ ಸಾಕ್ಷಿ. ಹಾಲಿ ಶಾಸಕರಿಗೆ ಟಿಕೆಟ್ ತಪ್ಪಿಸಿ ಬಿಜೆಪಿ ಆಶಾ ತಿಮ್ಮಪ್ಪ ಗೌಡ ಅವರನ್ನು ನಿಲ್ಲಿಸಿತು. ಅರುಣ್ ಕುಮಾರ್ ಪುತ್ತಿಲ ಬಂಡಾಯವೆದ್ದರು. ಗೆದ್ದ ಕಾಂಗ್ರೆಸ್ಸಿನ ಅಶೋಕ್ ಕುಮಾರ್ ರೈ ಅವರಿಗೆ 66,607, ಪುತ್ತಿಲರಿಗೆ 62,458, ಪಕ್ಷದ ಅಧಿಕೃತ ಅಭ್ಯರ್ಥಿಗೆ 37,558. ಬಿ ಫಾರಂ ಇದ್ದವರು ಮೂರನೇ ಸ್ಥಾನಕ್ಕೆ ಹೋದರು. ಹಾಗೆಂದು ಟಿಕೆಟ್ ತಪ್ಪಿದವರೆಲ್ಲ ಹಾನಿ ಮಾಡಿಯೇ ತೀರುತ್ತಾರೆ ಎಂದೂ ಅಲ್ಲ. ಅದೇ ಚುನಾವಣೆಯಲ್ಲಿ ಬಿಜೆಪಿ ಟಿಕೆಟ್ ತಪ್ಪಿ ಕಾಂಗ್ರೆಸ್ ಸೇರಿದ ಇಬ್ಬರಲ್ಲಿ ಲಕ್ಷ್ಮಣ ಸವದಿ ಅಥಣಿಯಲ್ಲಿ ಭರ್ಜರಿಯಾಗಿ ಗೆದ್ದರೆ, ಜಗದೀಶ ಶೆಟ್ಟರ್ ತಮ್ಮದೇ ಹುಬ್ಬಳ್ಳಿಯಲ್ಲಿ 34 ಸಾವಿರ ಮತಗಳಿಂದ ಸೋತರು. ಹುಬ್ಬಳ್ಳಿಯಲ್ಲಿ ಬೂತಿನ ಹುಡುಗರು ಪಕ್ಷದ ಜೊತೆ ಉಳಿದರು, ಪುತ್ತೂರಿನಲ್ಲಿ ಬಂಡಾಯಗಾರರ ಜೊತೆ ಹೋದರು. ಹೆಸರಿನ ತೂಕಕ್ಕಿಂತ ಇದೇ ಹೆಚ್ಚು ಎಣಿಕೆಗೆ ಬರುತ್ತದೆ.

ಇನ್ನು ನಿರ್ವಹಣೆಯ ಮಾತು. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗಬೇಕು.

ಒಂದು ವಿಧಾನಸಭಾ ಕ್ಷೇತ್ರಕ್ಕೆ ಸರಾಸರಿ 260 ಮತಗಟ್ಟೆ. ನಾಮಪತ್ರ ವಾಪಸಾತಿ ಮುಗಿದ ಸಂಜೆಯಿಂದ ಬಹಿರಂಗ ಪ್ರಚಾರ ನಿಲ್ಲುವ ತನಕ ಸಿಗುವುದು ಹದಿನಾಲ್ಕು ದಿನ. 2023ರಲ್ಲಿ ಏಪ್ರಿಲ್ 24ರಿಂದ ಮೇ 8. ಗ್ರಾಮೀಣ ಕ್ಷೇತ್ರವಾದರೆ ಹಟ್ಟಿ, ಪಾಳ್ಯ, ತಾಂಡಾ ಎಲ್ಲ ಸೇರಿ ಇನ್ನೂರು ಊರು. ದಿನಕ್ಕೆ ಹದಿನೈದು ಊರು ಮುಟ್ಟಬೇಕು. ಊರಿಗೆ ಇಪ್ಪತ್ತು ನಿಮಿಷ, ಊರಿಂದೂರಿಗೆ ಹದಿನೈದು ನಿಮಿಷದ ದಾರಿ. ಒಟ್ಟು ಎಂಟೂಮುಕ್ಕಾಲು ಗಂಟೆ. ಊಟ, ಒಂದು ದೇವಸ್ಥಾನ, ಒಂದು ಸಾವಿನ ಮನೆ ಸೇರಿಸಿದರೆ ಬೆಳಿಗ್ಗೆ ಎಂಟಕ್ಕೆ ಹೊರಟವರು ರಾತ್ರಿ ಎಂಟಕ್ಕೆ ಮುಗಿಸಬಹುದು.

ಕಾಗದದ ಮೇಲೆ. ನಿಜದಲ್ಲಿ ಮೊದಲ ಊರಿನಲ್ಲೇ ಆರತಿ ತಟ್ಟೆ ಹಿಡಿದವರು ಹನ್ನೆರಡು ಜನ, ಸೇಬಿನ ಹಾರ ಎತ್ತಲು ಜೆಸಿಬಿ, ಯಾರ ಮನೆಯಲ್ಲಿ ಮೊದಲು ಕಾಫಿ ಎಂದು ಸಣ್ಣ ತಳ್ಳಾಟ. ಊರಿಗೆ ಹತ್ತೇ ನಿಮಿಷ ಹೆಚ್ಚಾದರೂ ದಿನಕ್ಕೆ ಎರಡೂವರೆ ಗಂಟೆ. ಕೊನೆಯ ನಾಲ್ಕು ಊರಿಗೆ ಹೋಗುವಾಗ ರಾತ್ರಿ ಹತ್ತು ದಾಟಿರುತ್ತದೆ, ಧ್ವನಿವರ್ಧಕ ಬಂದ್, ಬೀದಿಯಲ್ಲಿ ನಾಯಿ ಮಾತ್ರ. ಆ ನಾಲ್ಕು ಊರುಗಳು ಯಾವುವು ಎಂದು ರೂಟ್ ಮ್ಯಾಪ್ ತೆಗೆದು ನೋಡಿ. ಮ್ಯಾಪ್ ಬರೆದವನು ಒಂದು ಗುಂಪಿನವನಾಗಿದ್ದರೆ ಕೊನೆಯ ನಾಲ್ಕು ಊರು ಪ್ರತಿದಿನವೂ ಇನ್ನೊಂದು ಗುಂಪಿನವು. ಬೇಕೆಂದೇ ಮಾಡಿರಬೇಕಿಲ್ಲ. ತನಗೆ ಗೊತ್ತಿರುವ, ತನ್ನನ್ನು ಕರೆಯುವ ಊರುಗಳನ್ನು ಮನುಷ್ಯ ಮೊದಲು ಬರೆಯುತ್ತಾನೆ. ಆದರೆ ಮೂರು ಗಂಟೆ ಹಾರ ಹಿಡಿದು ಕಾದು, ಮಕ್ಕಳನ್ನು ಮಲಗಲು ಕಳಿಸಿ, ಶಾಮಿಯಾನದ ಬಾಡಿಗೆ ಕೈಯಿಂದ ಕೊಟ್ಟ ಆ ಊರಿನ ಮುಖಂಡನಿಗೆ ಇದು ಅವಮಾನವೇ. ನಿರ್ವಹಣೆಯ ತಪ್ಪು ಗುಂಪುಗಾರಿಕೆಯಾಗಿ ತಿರುಗುವುದು ಇಲ್ಲಿ. ಪರಿಹಾರ ದೊಡ್ಡದೇನಲ್ಲ: ರೂಟ್ ಬರೆಯುವಾಗ ಎರಡೂ ಗುಂಪಿನಿಂದ ಒಬ್ಬೊಬ್ಬರು ಕೂರಬೇಕು. ದಿನ ಬಿಟ್ಟು ದಿನ ದಾರಿಯನ್ನು ಹಿಂದುಮುಂದು ಮಾಡಬೇಕು. ಮುಂದಿನ ಊರಿಗೆ ಅರ್ಧ ಗಂಟೆ ಮೊದಲು ಹೋಗಿ ಆರತಿಯನ್ನು ಒಂದೇ ತಟ್ಟೆಗೆ ಇಳಿಸುವ ಗಟ್ಟಿ ಮನುಷ್ಯನೊಬ್ಬ ಬೇಕು. ಈ ಕೆಲಸಕ್ಕೆ ಅಭ್ಯರ್ಥಿಯ ಭಾವಮೈದುನನನ್ನು ಹಾಕಬೇಡಿ. ಅವನಿಗೆ ಯಾರೂ ಇಲ್ಲ ಎನ್ನುವುದಿಲ್ಲ, ಅವನೂ ಯಾರಿಗೂ ಇಲ್ಲ ಎನ್ನುವುದಿಲ್ಲ.

ಭಾವಮೈದುನನ ವಿಷಯ ಬಂತು. ಅಭ್ಯರ್ಥಿಯ ಸುತ್ತ ಸಾಮಾನ್ಯವಾಗಿ ಮೂರು ಕೇಂದ್ರಗಳು ಏಳುತ್ತವೆ. ಒಂದು ಮನೆಯವರದು, ದುಡ್ಡು ಅವರ ಕೈಯಲ್ಲಿ. ಎರಡನೆಯದು ಪಕ್ಷದ ಬ್ಲಾಕ್ ಅಥವಾ ಮಂಡಲ ಅಧ್ಯಕ್ಷರದು, ಜನ ಅವರ ಕೈಯಲ್ಲಿ. ಮೂರನೆಯದು ಬೆಂಗಳೂರಿನಿಂದ ಬಂದ ಸರ್ವೆ ಕಂಪನಿಯ ಹುಡುಗರದು, ಲ್ಯಾಪ್‌ಟಾಪ್ ಅವರ ಕೈಯಲ್ಲಿ. ಮೂರೂ ಕಡೆಯಿಂದ ಬೂತಿಗೆ ಫೋನ್ ಹೋಗುತ್ತದೆ, ಮೂರು ವಾಟ್ಸಾಪ್ ಗುಂಪುಗಳಲ್ಲಿ ಮೂರು ಆದೇಶ. ಬೂತಿನವನು ಕೊನೆಗೆ ಪೆಟ್ರೋಲ್ ಚೀಟಿ ಕೊಡುವವನ ಮಾತು ಮಾತ್ರ ಕೇಳುತ್ತಾನೆ. ಸರ್ವೆಯವರು ಬೂತುಗಳನ್ನು ಎ, ಬಿ, ಸಿ ಎಂದು ವಿಂಗಡಿಸಿ ‘ಸಿ’ಯಲ್ಲಿ ಶಕ್ತಿ ಹಾಕುವುದು ವ್ಯರ್ಥ ಎನ್ನುತ್ತಾರೆ. ಆ ‘ಸಿ’ ಬೂತಿನಲ್ಲಿ ಮೂವತ್ತು ವರ್ಷ ಬಾವುಟ ಹಿಡಿದವನಿಗೆ ಈ ಸುದ್ದಿ ಎರಡೇ ದಿನದಲ್ಲಿ ತಲುಪುತ್ತದೆ. ಸರ್ವೆ ಸರಿಯಿದ್ದರೂ ಅದನ್ನು ಹಾಗೆ ಸೋರಲು ಬಿಟ್ಟದ್ದು ತಪ್ಪು.

ದುಡ್ಡಿನ ಲೆಕ್ಕದಲ್ಲಿ ಒಳಜಗಳ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ವಿಧಾನಸಭೆಗೆ ಕಾನೂನಿನ ಮಿತಿ 40 ಲಕ್ಷ, ಲೋಕಸಭೆಗೆ 95 ಲಕ್ಷ. 40 ಲಕ್ಷವನ್ನು 260 ಬೂತಿಗೆ ಹಂಚಿದರೆ ತಲಾ ಹದಿನೈದು ಸಾವಿರ ಚಿಲ್ಲರೆ. ಅಭ್ಯರ್ಥಿಗೆ ಚುನಾವಣಾ ಕಚೇರಿಯಿಂದ ಒಂದು ಖರ್ಚಿನ ರಿಜಿಸ್ಟರ್ ಸಿಗುತ್ತದೆ: ಬಿಳಿ ಹಾಳೆಯಲ್ಲಿ ದಿನದ ಖರ್ಚು, ಗುಲಾಬಿಯಲ್ಲಿ ನಗದು, ಹಳದಿಯಲ್ಲಿ ಬ್ಯಾಂಕ್. ಪ್ರಚಾರದ ನಡುವೆ ಕನಿಷ್ಠ ಮೂರು ಸಲ ವೆಚ್ಚ ವೀಕ್ಷಕರಿಗೆ ತೋರಿಸಬೇಕು. ಅವರ ಬಳಿ ತಮ್ಮದೇ ಇನ್ನೊಂದು ಲೆಕ್ಕ ಇರುತ್ತದೆ, ಎರಡನ್ನೂ ತಾಳೆ ನೋಡುತ್ತಾರೆ. ಈಗ ಎರಡು ಗುಂಪುಗಳು ಬೇರೆ ಬೇರೆ ಪ್ರೆಸ್ಸಿನಲ್ಲಿ ಕರಪತ್ರ ಹಾಕಿಸಿದವು ಎನ್ನಿ. ಒಂದರಲ್ಲಿ ಒಬ್ಬ ನಾಯಕನ ಫೋಟೊ ದೊಡ್ಡದು, ಇನ್ನೊಂದರಲ್ಲಿ ಅವನ ಫೋಟೊವೇ ಇಲ್ಲ. ಜಗಳದ ಅವಸರದಲ್ಲಿ ಮುದ್ರಕರ, ಪ್ರಕಾಶಕರ ಹೆಸರು ಹಾಕುವುದು ಮರೆತರು. ಪ್ರಜಾಪ್ರತಿನಿಧಿ ಕಾಯ್ದೆಯ 127ಎ ಪ್ರಕಾರ ಅದು ಅಪರಾಧ. ಎರಡರ ಖರ್ಚೂ ಅಭ್ಯರ್ಥಿಯ ತಲೆಗೇ. ಬಿಲ್ಲು ಮಾತ್ರ ಯಾರ ಬಳಿಯೂ ಇಲ್ಲ, ಏಕೆಂದರೆ ಒಂದು ಗುಂಪು ಇನ್ನೊಂದರ ಲೆಕ್ಕಿಗನಿಗೆ ಬಿಲ್ಲು ಕೊಡುವುದಿಲ್ಲ. ಫಲಿತಾಂಶ ಬಂದ 30 ದಿನದೊಳಗೆ ಲೆಕ್ಕ ಸಲ್ಲಿಸದಿದ್ದರೆ ಮೂರು ವರ್ಷ ಅನರ್ಹತೆಯವರೆಗೂ ಹೋಗಬಹುದು. ಗೆದ್ದವರ ಸುತ್ತ ಜನ ಇರುತ್ತಾರೆ, ಬಿಲ್ಲು ಹೇಗೋ ಸೇರುತ್ತದೆ. ಸೋತವನು ಒಬ್ಬನೇ ಕೂತು ಶಾಮಿಯಾನದವನಿಗೆ ಫೋನ್ ಮಾಡುತ್ತಿರುತ್ತಾನೆ.

ಅದಕ್ಕೇ, ಮೊದಲ ದಿನವೇ ಒಂದು ಮಾತು ಕಟ್ಟುನಿಟ್ಟಾಗಬೇಕು: ಮುದ್ರಣಕ್ಕೆ ಹೋಗುವ ಯಾವುದೇ ಕಾಗದಕ್ಕೂ ಒಬ್ಬನೇ ಸಹಿ ಹಾಕಬೇಕು, ಆತ ಚುನಾವಣಾ ಏಜೆಂಟ್ ಆಗಿರಬೇಕು. ಫ್ಲೆಕ್ಸಿನಲ್ಲಿ ಯಾರ ಫೋಟೊ, ಯಾವ ಸಾಲಿನಲ್ಲಿ, ಎಷ್ಟು ದೊಡ್ಡದು ಎಂಬುದನ್ನು ಒಂದು ಮಾದರಿ ಮಾಡಿ ಎಲ್ಲರ ಎದುರು ಒಪ್ಪಿಸಿ ಪ್ರೆಸ್ಸಿಗೆ ಕೊಟ್ಟುಬಿಡಬೇಕು. ಹೊರಗಿನವರಿಗೆ ಇದು ನಗೆಪಾಟಲು. ಫೋಟೊದ ಗಾತ್ರಕ್ಕೆ ಇಷ್ಟು ರಾದ್ಧಾಂತವೇ ಎನ್ನುತ್ತಾರೆ. ಕುರ್ಚಿ ಇಲ್ಲದ ಮುಖಂಡನಿಗೆ ಊರವರ ಮುಂದೆ ತೋರಿಸಲು ಇರುವುದು ಆ ಫೋಟೊ ಒಂದೇ.

ಮತದಾನದ ದಿನಕ್ಕೆ ಬರೋಣ. ಏಳಕ್ಕೆ ಮತದಾನ, ಅದಕ್ಕೆ ಒಂದೂವರೆ ಗಂಟೆ ಮೊದಲು, ಐದೂವರೆಗೆ ಅಣಕು ಮತದಾನ. ಕನಿಷ್ಠ 50 ಮತ ಹಾಕಿ, ಎಣಿಸಿ, ಅಳಿಸಿ, ಏಜೆಂಟರ ಸಹಿ ಪಡೆಯುತ್ತಾರೆ. ಕೂರುವ ಏಜೆಂಟ್ ಬಳಿ ಅಭ್ಯರ್ಥಿ ಅಥವಾ ಚುನಾವಣಾ ಏಜೆಂಟ್ ಸಹಿ ಹಾಕಿದ ಫಾರಂ 10 ಇರಬೇಕು. 260 ಬೂತು, ಬೂತಿಗೆ ಒಬ್ಬ ಏಜೆಂಟ್, ಇಬ್ಬರು ಬದಲಿ: 780 ಫಾರಂ. ಈ ಸಹಿಗಳನ್ನು ಹಿಂದಿನ ರಾತ್ರಿ ಹಾಕಲು ಕೂತರೆ ಮುಗಿಯಿತು. ಗಂಟು ಕಟ್ಟಿದ ಫಾರಂಗಳು ಹೋಬಳಿ ಮುಖಂಡನ ಬೊಲೆರೊ ಹಿಂದಿನ ಸೀಟಿನಲ್ಲಿ, ಮುಖಂಡನ ಫೋನ್ ಸ್ವಿಚ್ಡ್ ಆಫ್. ಐದೂವರೆಗೆ ಶಾಲೆಯ ಬಾಗಿಲಲ್ಲಿ ನಿಂತ ಹುಡುಗನಿಗೆ ಫಾರಂ ಸಿಗುವುದು ಎಂಟಕ್ಕೆ. ಮುಖಂಡ ಮರೆತನೋ, ಬೇಕೆಂದೇ ಮಾಡಿದನೋ, ನಿಜವಾಗಿ ಬ್ಯಾಟರಿ ಹೋಗಿತ್ತೋ ಯಾರೂ ಸಾಬೀತು ಮಾಡಲಾರರು. ಫಾರಂಗಳನ್ನು ನಾಲ್ಕು ದಿನ ಮೊದಲೇ ಸಹಿ ಮಾಡಿ, ಮುಖಂಡನ ಕೈಗಲ್ಲ, ಏಜೆಂಟನ ಕೈಗೇ ಕೊಟ್ಟು, ಅವನು ಅದನ್ನು ಹಿಡಿದು ನಿಂತ ಫೋಟೊ ತರಿಸಿಕೊಂಡಿದ್ದರೆ ಈ ಪ್ರಶ್ನೆಯೇ ಏಳುತ್ತಿರಲಿಲ್ಲ.

ಹೊರಗಿನ ಟೇಬಲ್ಲಿನದೂ ಹೀಗೇ. ಮತಗಟ್ಟೆಯಿಂದ 100 ಮೀಟರ್ (2025ರ ತನಕ 200 ಇತ್ತು) ಆಚೆ ಒಂದು ಟೇಬಲ್, ಎರಡು ಕುರ್ಚಿ, ನೆರಳಿಗೊಂದು ಟಾರ್ಪಾಲು. ಬಿಳಿ ಹಾಳೆಯ ಚೀಟಿಯಲ್ಲಿ ಮತದಾರನ ಹೆಸರು, ಕ್ರಮಸಂಖ್ಯೆ, ಭಾಗದ ಸಂಖ್ಯೆ ಮಾತ್ರ, ಅಭ್ಯರ್ಥಿಯ ಹೆಸರು, ಗುರುತು ಇರಕೂಡದು. ಮತದಾರರ ಪಟ್ಟಿ ತಂದಿಲ್ಲದ ಟೇಬಲ್ ಬರೀ ಟೇಬಲ್. ಜನ ಪಕ್ಕದ ಟೇಬಲ್ಲಿಗೆ ಹೋಗಿ ಚೀಟಿ ಬರೆಸಿಕೊಳ್ಳುತ್ತಾರೆ, ಅಲ್ಲಿಯವರು ನಗುತ್ತಾ ಬರೆದುಕೊಡುತ್ತಾರೆ.

ಹಾಗಾದರೆ ಎಣಿಸುವುದು ಹೇಗೆ? ಎಂಟು ಜನ, ಎಂಟು ಫೋನ್. ರಾತ್ರಿ ಎಂಟರಿಂದ ಒಬ್ಬೊಬ್ಬರು 33 ಬೂತಿಗೆ ಕರೆ ಮಾಡಬೇಕು, ಕರೆಗೆ ಮೂರು ನಿಮಿಷ. ಹತ್ತರೊಳಗೆ ಮುಗಿಯುತ್ತದೆ. ಕೇಳುವುದು ಮೂರೇ: ಇವತ್ತು ಪಟ್ಟಿಯ ಯಾವ ಕ್ರಮಸಂಖ್ಯೆಯಿಂದ ಯಾವುದರ ತನಕ ಮನೆ ಮುಟ್ಟಿದಿರಿ, ಎಷ್ಟು ಕರಪತ್ರ ಉಳಿದಿದೆ, ನಾಳೆ ಯಾರು ಬರುತ್ತಾರೆ. ‘ಎಲ್ಲ ಚೆನ್ನಾಗಿದೆ ಸಾರ್, ನಮ್ದೇ ಲೀಡು’ ಎಂಬ ಉತ್ತರಕ್ಕೆ ಸೊನ್ನೆ ಬರೆಯಿರಿ. ಸಂಖ್ಯೆ ಹೇಳಿದರೆ ಮಾತ್ರ ಅಂಕ. ಹೋಬಳಿ ಮುಖಂಡನನ್ನು ಕೇಳಿ ಹಾಳೆ ತುಂಬಬಾರದು, ಬೂತಿನವನನ್ನೇ ಕೇಳಬೇಕು. ಮೂರು ದಿನ ಕಳೆದರೆ ಹಾಳೆಯಲ್ಲಿ ಸೊನ್ನೆಗಳು ಒಂದು ಕಡೆ ಗುಂಪಾಗುತ್ತವೆ. ಚದುರಿ ಬಿದ್ದ ಸೊನ್ನೆ ಸೋಮಾರಿತನ. ಒಂದೇ ಪಂಚಾಯಿತಿಯ ಹನ್ನೊಂದು ಬೂತುಗಳಲ್ಲಿ ಸಾಲಾಗಿ ಸೊನ್ನೆ ಇದ್ದರೆ ಅಲ್ಲಿ ಯಾರೋ ‘ನಿಮ್ಮಿಷ್ಟ’ ಎಂದಿದ್ದಾರೆ.

ಕಂಡ ಮೇಲೆ ಆ ಮುಖಂಡನನ್ನು ಕರೆದು ಬೈಯುವುದು ಹೆಚ್ಚಿನವರು ಮಾಡುವ ತಪ್ಪು. ಮತದಾನಕ್ಕೆ ಆರು ದಿನ ಇರುವಾಗ ಬೈಸಿಕೊಂಡವನು ಮಾರನೆಯ ದಿನ ಪ್ರೆಸ್ ಮೀಟ್ ಮಾಡುತ್ತಾನೆ. ಅವನಿಗೆ ಗೌರವ ಕೊಟ್ಟು, ಆ ಹನ್ನೊಂದು ಬೂತಿಗೆ ಬೇರೆ ಕೈ ಹಾಕಬೇಕು: ಅಲ್ಲಿನ ಅವಿಭಕ್ತ ಕುಟುಂಬದ ಹಿರಿಯರು, ಹಳೆಯ ಮೇಷ್ಟ್ರು, ಪಕ್ಕದ ಬೂತಿನ ಚುರುಕು ಹುಡುಗ. ಮುಖಂಡನಿಗೆ ಒಂದೇ ಒಂದು ಜವಾಬ್ದಾರಿ ಬರೆದು ಕೊಡಿ, ಅವನ ಸ್ವಂತ ಬೂತು. ಇಡೀ ಹೋಬಳಿ ಹೋದರೆ ‘ಗಾಳಿ’ ಎನ್ನಬಹುದು, ಸ್ವಂತ ಬೂತು ಹೋದರೆ ಊರಲ್ಲಿ ಮುಖ ತೋರಿಸುವುದು ಕಷ್ಟ.

ಎಲ್ಲರ ಮನಸ್ಸೂ ಒಂದಾಗಬೇಕು ಎಂದು ಕಾಯುವ ಅಗತ್ಯವೂ ಇಲ್ಲ. 2023ರಲ್ಲಿ ಸಿದ್ದರಾಮಯ್ಯ, ಡಿ.ಕೆ. ಶಿವಕುಮಾರ್ ನಡುವಿನ ಪೈಪೋಟಿ ಯಾರಿಗೂ ಗುಟ್ಟಾಗಿರಲಿಲ್ಲ. ಪ್ರಜಾಧ್ವನಿ ಬಸ್ ಯಾತ್ರೆಯನ್ನು ಮೊದಲು ಜೊತೆಯಾಗಿ ಮಾಡಿದರು, ಫೆಬ್ರವರಿಯಲ್ಲಿ ಎರಡು ಮಾಡಿದರು. ಒಬ್ಬರು ಬಸವಕಲ್ಯಾಣದಿಂದ ಹೊರಟರು, ಇನ್ನೊಬ್ಬರು ಮುಳಬಾಗಿಲು ಕಡೆಯಿಂದ. ಮುಖ್ಯಮಂತ್ರಿ ಯಾರು ಎಂಬ ಪ್ರಶ್ನೆ ಹಾಗೆಯೇ ಉಳಿಯಿತು, ಫಲಿತಾಂಶ ಬಂದ ಮೇಲೆ ದೆಹಲಿಯಲ್ಲಿ ದಿನಗಟ್ಟಲೆ ಎಳೆದಾಡಿತು. ಆದರೆ ಪ್ರಚಾರದ ಹೊತ್ತಿನಲ್ಲಿ ಇಬ್ಬರ ದಾರಿಯೂ ಅಡ್ಡ ಬರದಂತೆ ಹಂಚಿತ್ತು, ಗ್ಯಾರಂಟಿ ಕಾರ್ಡು ಎರಡೂ ಬಸ್ಸಿನಲ್ಲಿ ಒಂದೇ ಇತ್ತು. 135 ಸೀಟು ಬಂತು.

ಫಲಿತಾಂಶ ಮುಗಿದ ಮೇಲೆ ಫಾರಂ 20 ಪ್ರಕಟವಾಗುತ್ತದೆ. ಯಾವ ಮತಗಟ್ಟೆಯಲ್ಲಿ ಯಾರಿಗೆ ಎಷ್ಟು ಎಂಬ ಉದ್ದನೆಯ ಪಟ್ಟಿ, ರಾಜ್ಯದ ಮುಖ್ಯ ಚುನಾವಣಾಧಿಕಾರಿಯ ವೆಬ್‌ಸೈಟಿನಲ್ಲಿ ಪಿಡಿಎಫ್ ಆಗಿ ಸಿಗುತ್ತದೆ. ಹಿಂದಿನ ಚುನಾವಣೆಯ ಪಟ್ಟಿಯನ್ನು ಪಕ್ಕದಲ್ಲಿಟ್ಟು, ಬೂತು ಸಂಖ್ಯೆ ಬದಲಾಗಿದ್ದರೆ ಊರಿನ ಹೆಸರಿನಿಂದ ಹೊಂದಿಸಿ, ಪ್ರತಿ ಬೂತಿನಲ್ಲಿ ಪಕ್ಷದ ಪಾಲು ಎಷ್ಟು ಇಳಿಯಿತು ಎಂದು ಬರೆಯಿರಿ. ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಸಮ ಇಳಿದಿದ್ದರೆ ಅದು ಗಾಳಿ, ಯಾರನ್ನೂ ದೂರಬೇಡಿ. ಕ್ಷೇತ್ರವೆಲ್ಲ ನಾಲ್ಕು ಪರ್ಸೆಂಟ್ ಇಳಿದು ಒಂದು ಹೋಬಳಿಯಲ್ಲಿ ಮಾತ್ರ ಹದಿನೆಂಟು ಇಳಿದಿದ್ದರೆ ಅದು ಬೇರೆ. ಒಂದು ಸಂಜೆಯ ಕೆಲಸ. ಆತ್ಮಾವಲೋಕನ ಸಭೆಗೆ ಆ ಹಾಳೆ ತಂದವರು ಅಪರೂಪ. ಅಲ್ಲಿ ಹೆಸರು ಹಿಡಿದು ಕೂಗಾಡುತ್ತಾರೆ, ಕುರ್ಚಿ ಎಸೆಯುತ್ತಾರೆ, ಟಿವಿಯವರು ಬಂದಮೇಲೆ ಸುಮ್ಮನಾಗುತ್ತಾರೆ.

ಆ ಹಾಳೆಯನ್ನು ಶ್ರದ್ಧೆಯಿಂದ ತಯಾರಿಸುವವನು ಒಬ್ಬನಿದ್ದಾನೆ, ಟಿಕೆಟ್ ತಪ್ಪಿದ್ದ ಆಕಾಂಕ್ಷಿ. ತನ್ನ ಹೋಬಳಿಯ ಬೂತುಗಳಿಗೆ ಹಳದಿ ಬಣ್ಣ ಬಳಿದು, ಹದಿನೆಂಟು ಪರ್ಸೆಂಟ್ ಇಳಿದದ್ದನ್ನು ದಪ್ಪ ಅಕ್ಷರದಲ್ಲಿ ಹಾಕಿಸಿ, ನಾಲ್ಕು ವರ್ಷದ ನಂತರದ ಅರ್ಜಿಯ ಜೊತೆ ಅದನ್ನೇ ಲಗತ್ತಿಸುತ್ತಾನೆ: ನಾನು ನಿಲ್ಲದಿದ್ದರೆ ಇಲ್ಲಿ ಪಕ್ಷಕ್ಕೆ ಎಷ್ಟು ನಷ್ಟ, ನೋಡಿ.